ಮೀಟರು ತೋರಿಸಿದ ಸೊನ್ನೆ

ಊರೆಲ್ಲ ಅವನನ್ನು ವೈಂಡಿಂಗ್ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಮೂವತ್ತು ವರ್ಷ ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿ ಸುತ್ತಿದವನು. ಅವನ ಮೇಜಿನಲ್ಲೇ, ಪಕ್ಕದ ಸುತ್ತುವ ಯಂತ್ರದ ಮುಂದೆ ಹೆಂಡತಿ. ಇಬ್ಬರೂ ಹ್ಯಾಂಡಲನ್ನು ತಮ್ಮಿಂದ ಆಚೆಗೆ ತಿರುಗಿಸುತ್ತ, ಒಂದೊಂದು ಸುತ್ತನ್ನೂ ಬಾಯಲ್ಲೇ ಎಣಿಸುತ್ತಿದ್ದರು. ಎಣಿಸುವ ಯಂತ್ರ ತರೋಣವೆಂದರೆ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ.

"ಇತ್ತೀಚೆಗೆ ನಿಮ್ಗೆ ಲೆಕ್ಕ ತಪ್ತಿದೆ ರೀ," ಎಂದು ಹೆಂಡತಿ ಒಂದು ಬೆಳಿಗ್ಗೆ ಅಂದೇಬಿಟ್ಟಳು.

"ನಂಗಾ? ಇನ್ನೊಂದ್ಸಲ ತಪ್ಪಿದ್ರೆ ಈ ಹ್ಯಾಂಡಲ್ ಮುಟ್ಟಲ್ಲ, ಹೋಗು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಮುಖ ಊದಿಸಿಕೊಂಡು, ಸ್ಟೂಲು ಎತ್ತಿಕೊಂಡು ಮೇಜಿನ ಆಚೆ ಬದಿಗೆ ಹೋಗಿ ಕೂತಳು. ಮೇಜಿಗೆ ಬೋಲ್ಟು ಹಾಕಿದ ಯಂತ್ರಕ್ಕೆ ಕೋಪ ಬರುವುದಿಲ್ಲ. ಅದು ಇದ್ದಲ್ಲೇ ಇತ್ತು; ಅವಳು ಆ ಬದಿಯಿಂದಲೇ ಅದರ ಹ್ಯಾಂಡಲಿಗೆ ಕೈ ಹಾಕಿದಳು.

ಅಂದಿನ ಕೆಲಸ ಒಂದೇ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿ, ತಲಾ ಐನೂರು ಸುತ್ತು. ಮುನ್ನೂರು ದಾಟಿದ ಮೇಲೆ ಮೇಸ್ತ್ರಿಗೆ ತಾನು ಎಷ್ಟರಲ್ಲಿದ್ದೇನೆಂಬುದೇ ಮರೆತುಹೋಯಿತು. ಬಾಯಿ ನಿಂತಿತು, ಕೈ ಮಾತ್ರ ತಿರುಗಿಸುತ್ತಲೇ ಇತ್ತು. ಅಷ್ಟರಲ್ಲಿ ಎದುರಿನಿಂದ, ಇನ್ನೂ ಕೋಪ ಇಳಿಯದ ಗಟ್ಟಿ ದನಿಯಲ್ಲಿ, "ಮುನ್ನೂರ ಹದಿನೇಳು" ಕೇಳಿಸಿತು. ಇಬ್ಬರೂ ಒಟ್ಟಿಗೇ ಶುರು ಮಾಡಿದ್ದರು. ಮೂವತ್ತು ವರ್ಷದಿಂದ ಇಬ್ಬರ ಕೈಯ ಓಟವೂ ಒಂದೇ. ಮಾನವಂತ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು "ಹದಿನೆಂಟು" ಎಂದ.

ಮಧ್ಯಾಹ್ನ ಒಂದು ಸುರುಳಿಯ ಕೊನೆಗೆ ಇನ್ನೊಂದರ ಮೊದಲ ತುದಿ ಸೇರಿಸಿ, ಎರಡನ್ನೂ ಕಬ್ಬಿಣದ ಪಟ್ಟಿಗಳಿಗೆ ತೊಡಿಸಿ, ಆ ಪಟ್ಟಿಗಳ ಮೇಲೆ ಮೊದಲೇ ಇದ್ದ ಮೂರನೇ ಸುರುಳಿಗೆ ಕರೆಂಟು ಕೊಟ್ಟ. ತಂತಿಗೆ ತಂತಿ ತಾಗದಿದ್ದರೂ ಉಳಿದೆರಡರಲ್ಲಿ ಕರೆಂಟು ಹುಟ್ಟಬೇಕು, ಎರಡರ ವೋಲ್ಟೇಜೂ ಕೂಡಿ ದುಪ್ಪಟ್ಟಾಗಬೇಕು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಹ್ಯಾಂಡಲ್ ಮುಟ್ಟದೆ ಇನ್ನು ದಿನವಿಡೀ ಏನು ಮಾಡುವುದು? ಅವನಿಗೆ ನಿಜಕ್ಕೂ ಭಯವಾಯಿತು.

ಹೆಂಡತಿ ಬಗ್ಗಿ ನೋಡಿ ನಕ್ಕಳು. "ಎದುರುಗಡೆ ಕೂತು ಉಲ್ಟಾ ಸುತ್ತಿಬಿಟ್ಟಿದ್ದೀನಿ ಕಣ್ರೀ. ಒಂದನ್ನೊಂದು ತಿಂದ್ಹಾಕಿವೆ. ನನ್ನ ಸುರುಳಿದು ತುದಿ ಅದಲುಬದಲು ಮಾಡಿ, ಸರಿಹೋಗತ್ತೆ. ಒಂದೇ ಒಂದು ಸುತ್ತು ಹೆಚ್ಚುಕಮ್ಮಿ ಆಗಿದ್ರೂ ಮುಳ್ಳು ಅಲ್ಲಾಡ್ತಿತ್ತು. ನಿಮ್ಮ ಲೆಕ್ಕ ಸರಿಯಾಗೇ ಇದೆ, ತಪ್ಪು ನಂದೇ."

ಮೀಸೆ ತಿರುವಬೇಕಾದವನು ತಲೆ ತಗ್ಗಿಸಿ ತುದಿಗಳನ್ನು ಬಿಚ್ಚುತ್ತ ಗೊಣಗಿದ: "ನಡುವೆ ಮರ್ತುಹೋಗಿತ್ತು. ನೀನು ಎಣಿಸ್ತಿದ್ದದ್ದು ಕೇಳಿ ಹಿಡ್ಕೊಂಡೆ."

"ಗೊತ್ತು," ಎಂದಳು ಅವಳು, ಸ್ಟೂಲನ್ನು ಈಚೆ ಬದಿಗೆ ತರುತ್ತ. "ನೀವು ಸುಮ್ಮನಾದ್ರಲ್ಲ, ಅದಕ್ಕೇ ಜೋರಾಗಿ ಎಣಿಸ್ದೆ."