ಹಾಯಿಕಂಬದ ಬಟ್ಟಲು

ತೆಂಗಿನಕಾಯಿ ನೀರು, ಅರಿಶಿನ, ತುಕ್ಕು. ಇವೆಲ್ಲ ಬೆರೆತು ಹಳಸಿದರೆ ಒಂದು ವಾಸನೆ ಬರುತ್ತದೆ, ಬಾಯೊಳಗೆ ರಕ್ತ ಬಂದ ಹಾಗೆ. ಹೋದ ವಾರ ಮುದ್ದೇಬಿಹಾಳದ ಆಚೆ, ಹಿನ್ನೀರಿನ ದಂಡೆಯ ಒಂದು ಊರಿಗೆ ಗೆಳತಿಯ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆ. ಊಟವಾದ ಮೇಲೆ ಹೆಂಗಸರೆಲ್ಲ ಗಂಟು ಬಿದ್ದರು: "ಬರ್ರಿ ಅಕ್ಕೋರ, ಗಂಗವ್ವಗ ಕೈ ಮುಗದು ಬರೂಣು."

ದಂಡೆಯ ಮೇಲೆ ಹೊಸ ಗುಡಿ. ಗೋಡೆಗೆಲ್ಲ ಟೈಲ್ಸು, ಸ್ಟೀಲಿನ ಬಾಗಿಲು. ಒಳಗೆ ಮೂರ್ತಿಯಿಲ್ಲ, ಕಟ್ಟೆಯ ಮೇಲೊಂದು ಹಳೆಯ ಕಬ್ಬಿಣದ ಬಟ್ಟಲು. ಅದರ ಒಂದು ಮಗ್ಗುಲು ಹರಿದುಹೋಗಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಪಕ್ಕದವಳು ಭಕ್ತಿ ಅಂದುಕೊಂಡಳು. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ಸಿಟ್ಟು.

ಯಾಕೆಂದರೆ ಅದು ದೇವರಲ್ಲ. ದೋಣಿಯ ಸಾಮಾನು. ಹಾಯಿಕಂಬದ ಬುಡ ಕೂರಿಸುವ ಬಟ್ಟಲು. ನಮ್ಮನ್ನು ಹೊಳೆ ದಾಟಿಸುತ್ತಿದ್ದ ಅಂಬಿಗನ ದೋಣಿಯದು, ನಾವೆಲ್ಲ ಕಾಕಾ ಅನ್ನುತ್ತಿದ್ದೆವಲ್ಲ, ಅವನದು.

ನಾನು ಹೊಸದಾಗಿ ನೌಕರಿಗೆ ಸೇರಿದ್ದು ಇದೇ ಊರಿನ ಶಾಲೆಗೆ. ಮನೆ ಮಾಡಿದ್ದು ಆಚೆ ದಂಡೆಯಲ್ಲಿ. ರಸ್ತೆ ಹಿಡಿದರೆ ಅರ್ಧ ದಿನ ಸುತ್ತಬೇಕು, ಹಾಗಾಗಿ ದಿನಾ ಕಾಕಾನ ತಗಡಿನ ದೋಣಿ. ಎಂಜಿನ್ ಇತ್ತು, ಆದರೆ ಗಾಳಿ ಸರಿಯಿದ್ದರೆ ಕಾಕಾ ಹಾಯಿ ಏರಿಸುತ್ತಿದ್ದ. "ಗಾಳಿ ಫುಕಟ್ ಬರಾಕತ್ತೈತಿ, ಡೀಸೆಲ್ ಯಾಕ ಸುಡೂದ್ರಿ?" ಅನ್ನುತ್ತಿದ್ದ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ದೋಣಿ ಮಾತ್ರ ಮನೆಗಿಂತ ಚೊಕ್ಕಟ ಇಟ್ಟಿದ್ದ.

ಆ ಬಟ್ಟಲೊಂದು ಬಿಟ್ಟು. ಅದು ಅವನ ಕೈಯಲ್ಲಿರಲಿಲ್ಲ.

ಊರಿನ ಪದ್ಧತಿ ಹಾಗಿತ್ತು. ಮದುಮಗಳು ಗಂಡನ ಮನೆಗೆ ಹೊಳೆ ದಾಟುವಾಗ ಹಾಯಿ ಏರಿಸಲೇಬೇಕು. ಕಂಬದ ಬುಡಕ್ಕೆ ಅರಿಶಿನ ಹಚ್ಚಿದ ತಾಮ್ರದ ದುಡ್ಡು ಹಾಕಿ, ಕಾಯಿನೀರು ಸುರಿಯಬೇಕು. ಹಾಕಿದ ದುಡ್ಡನ್ನು ಯಾರೂ ತೆಗೆಯುವಂತಿಲ್ಲ. ತೆಗೆದರೆ ಆ ಹುಡುಗಿಯ ಸಂಸಾರ ಮುಳುಗುತ್ತದಂತೆ. ಎಷ್ಟೋ ಮದುವೆಗಳ ದುಡ್ಡು, ನೀರು, ಕುಂಕುಮ ಆ ಬಟ್ಟಲಿನಲ್ಲೇ ಕುಳಿತು ಕೆಸರಾಗಿತ್ತು.

ಒಂದು ದಿನ ಕಾಕಾ ಸ್ಕ್ರೂಡ್ರೈವರ್ ತಂದು ಬಟ್ಟಲಿನ ಮಗ್ಗುಲಿಗೆ ಒತ್ತಿದ. ಸರಕ್ಕನೆ ಒಳಗೆ ಹೋಯಿತು.

"ನೋಡ್ರಿ ಅಕ್ಕೋರ, ಕಬ್ಬಿಣ ಐತೋ, ಉಪ್ಪಿಟ್ಟೈತೋ?"

ನಾಲತವಾಡದಿಂದ ವೆಲ್ಡಿಂಗ್ ಭಾಯಿಯನ್ನು ಕರೆಸಿದ. ಗ್ಯಾಸ್ ಕಟರ್ ಇಳಿಸಿದ್ದೇ ತಡ, ಊರೆಲ್ಲ ದಂಡೆಗೆ ಬಂತು. ಮುಂದೆ ಊರಗೌಡರು.

"ಕಟರ್ ಹಚ್ತೀಯೇನಲೇ ಅದಕ್ಕ? ಊರ ಹೆಣ್ಮಕ್ಕಳ ಬಾಳೇವು ಐತಿ ಅದ್ರಾಗ!"

"ಬಾಳೇವು ಬಟ್ಟಲದಾಗ ಇಲ್ರಿ ಗೌಡ್ರ, ದೋಣ್ಯಾಗ ಕುಂತಿರ್ತೈತಿ," ಅಂದ ಕಾಕಾ. "ತ್ಯಾವದಾಗ ತಾಮ್ರ ಕುಂತ್ರ ಕಬ್ಬಿಣ ಉಳಿಯಂಗಿಲ್ಲ. ದುಡ್ಡು ಹೊಳಿಗೇ ಬಿಡ್ತೇನಿ. ಹೊಸಾ ಬಟ್ಟಲಾ ಕುಂದ್ರಿಸಿ ಬದಿಗಿ ಇಷ್ಟ ಒಂದು ತೂತು ಹೊಡಸ್ತೇನಿ." ಕಿರುಬೆರಳು ಎತ್ತಿ ತೋರಿಸಿದ. "ನೀರು ತಳಕ್ಕ ಇಳೀತೈತಿ, ಡಬ್ಬಿಲೆ ಚೆಲ್ತೇನಿ. ಮುಗೀತು."

ಗುಂಪಿನೊಳಗಿಂದ ಒಬ್ಬ ಮುದುಕಿ ಕೂಗಿದಳು: "ಹೆಂಡ್ರಿಲ್ಲ ಮಕ್ಕಳಿಲ್ಲ, ನಿನಗೇನ ಗೊತ್ತೋ ಬಾಳೇವು? ಗಂಗವ್ವ ಕಾಯ್ತಾಳ, ಸುಮ್ಮನಿರು."

"ಗಂಗವ್ವಗ ಈಸು ಬರ್ತೈತಿ ಆಯಿ. ನಿನಗ ಬರ್ತೈತೇನು?"

ಎಲ್ಲರೂ ನಕ್ಕರು. ಮುದುಕಿಯೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆದರೆ ಒಬ್ಬರೂ ಒಪ್ಪಲಿಲ್ಲ. "ಕಾಕಾ ಹೇಳೂದು ಖರೆ ಐತ್ರಿ ಗೌಡ್ರ," ಅಂತ ನಾನು ಬಾಯಿ ಹಾಕಿದೆ. "ನೀವು ಸಾಲಿ ನೋಡ್ಕೋರಿ ಅಕ್ಕೋರ," ಅಂದರು ಗೌಡರು. ವೆಲ್ಡಿಂಗ್ ಭಾಯಿ ಹೆದರಿ ಸಾಮಾನು ಕಟ್ಟಿದ. "ನಾಳೆ ಯಾರ ಮನ್ಯಾಗ ಏನರ ಆದ್ರ ನನ್ನ ತಲಿಗಿ ಬರ್ತೈತಿ ಕಾಕಾ."

ಅದೇ ಬಟ್ಟಲಿಗೆ ಊರವರೇ ಕೆಂಪು ಬಣ್ಣ ಬಳಿಸಿದರು. ಸ್ಕ್ರೂಡ್ರೈವರಿನ ತೂತು ಮುಚ್ಚಿತು, ಸಮಾಧಾನವಾಯಿತು, ಮನೆಗೆ ಹೋದರು.

ಆಮೇಲೆ ಬಂದದ್ದು ಗೌಡರ ಸ್ವಂತ ಮಗಳ ಮದುವೆ. ಗಾಳಿ ಜೋರಿತ್ತು. ಎಂಜಿನ್ ಮೇಲೆ ದಾಟಿಸುತ್ತೇನೆ, ಹಾಯಿ ಬೇಡ ಅಂದ ಕಾಕಾ. ಗೌಡರು ಎಲ್ಲರೆದುರು ಕೇಳಿದ್ದು ಇಷ್ಟೇ: "ನನ್ನ ಮಗಳು ರಂಡಿ ಮುಂಡಿ ಹಂಗ ದಾಟಬೇಕೇನಲೇ?"

ಕಾಕಾ ಅರ್ಧ ಹಾಯಿ ಏರಿಸಿದ. ತಾನು ಕಂಬವನ್ನು ತಬ್ಬಿಕೊಂಡು ನಿಂತ. ನಾನು ದಂಡೆಯ ಮೇಲಿದ್ದೆ. ನಡುಹೊಳೆಯಲ್ಲಿ ಗಾಳಿ ತಿರುಗಿತು. ಕಂಬದ ಬುಡ ಬಟ್ಟಲನ್ನು ಹರಿದುಕೊಂಡು ಹೊರಬಂತು, ಕಂಬ ಹೆಂಗಸರು ಕುಳಿತ ಕಡೆಗೇ ವಾಲಿತು. ಕಾಕಾ ಅದಕ್ಕೆ ಹೆಗಲು ಕೊಟ್ಟ...

ಯಾರಿಗೂ ಏನೂ ಆಗಲಿಲ್ಲ. ಮದುಮಗಳ ಬಳೆಯೂ ಒಡೆಯಲಿಲ್ಲ. ಕಾಕಾನ ಬಲಗೈ ಮಾತ್ರ ಮತ್ತೆಂದೂ ಮೇಲೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸಂಜೆಯೊಳಗೆ ಊರು ತೀರ್ಮಾನ ಮಾಡಿಬಿಟ್ಟಿತ್ತು. ಕಾಕಾ ಸ್ಕ್ರೂಡ್ರೈವರ್ ಚುಚ್ಚಿದ್ದಕ್ಕೆ ಗಂಗವ್ವ ಮುನಿದಳಂತೆ. ಮದುಮಗಳನ್ನು ಉಳಿಸಿದ್ದೂ ಗಂಗವ್ವನೇ ಅಂತೆ. ಅವನ ದೋಣಿಗೆ ಒಬ್ಬರೂ ಹತ್ತಲಿಲ್ಲ. ಕೊನೆಗೆ ದೋಣಿ ಗುಜರಿಗೆ ಹೋಯಿತು. ಬಟ್ಟಲನ್ನು ಮಾತ್ರ ಗೌಡರು ಬಿಚ್ಚಿಸಿ ಇಟ್ಟುಕೊಂಡರು.

ಕಾಕಾ ಮನಗೂಳಿಯಲ್ಲಿದ್ದ ತಂಗಿಯ ಮನೆ ಸೇರಿದ. ಒಮ್ಮೆ ನೋಡಲು ಹೋಗಿದ್ದೆ. ಎಡಗೈಯಲ್ಲಿ ಚಹಾದ ಬಸಿ ಹಿಡಿದು ಕುಳಿತಿದ್ದ. ಹೊಳೆಯ ನೀರು ಎಷ್ಟಿದೆ ಅಂತ ಕೇಳಿದ. "ಒಂದು ತೂತು ಇದ್ದಿದ್ರ ಅಕ್ಕೋರ..." ಅಂದ, ಅಷ್ಟಕ್ಕೇ ಬಿಟ್ಟ. ಆಮೇಲೆ ಸತ್ತ ಸುದ್ದಿಯೇ ಬಂತು, ಅದೂ ಮಣ್ಣಾಗಿ ಎಷ್ಟೋ ದಿನದ ಮೇಲೆ.

ಹೋದ ವಾರ ಆ ಗುಡಿಯಲ್ಲಿ ನಿಂತಿದ್ದೆನಲ್ಲ, ನನ್ನ ಮುಂದಿದ್ದ ಹೆಂಗಸು ಬಟ್ಟಲಿಗೆ ತಾಮ್ರದ ದುಡ್ಡು ಹಾಕಲು ಹೋದಳು. ಪೂಜಾರಿ ತಡೆದ.

"ಅದ್ರಾಗ ಬ್ಯಾಡ್ರಿ ಯವ್ವಾ, ತಾಟಿನ್ಯಾಗ ಹಾಕ್ರಿ. ತಾಮ್ರ ಕುಂತ್ರ ಕಬ್ಬಿಣ ತಿಂತೈತಿ."

ನಾನು ಬಗ್ಗಿ ನೋಡಿದೆ. ಬಟ್ಟಲಿನ ಗಟ್ಟಿ ಮಗ್ಗುಲಿಗೆ ದುಂಡಗೆ ಒಂದು ತೂತು ಕೊರೆಸಿದ್ದರು. ಕಾಯಿನೀರು ಅದರಿಂದ ಸಣ್ಣಗೆ ಸೋರಿ ಮೋರಿಗೆ ಇಳಿಯುತ್ತಿತ್ತು.

"ಇದನ್ನ ಯಾರು ಹೊಡಿಸಿದ್ರಿ?"

"ಗೌಡ್ರ ಹೊಡಿಸ್ಯಾರ್ರಿ, ಗುಡಿ ಕಟ್ಟಿಸಿದಾಗ. ನೀರು ನಿಂತ್ರ ದೇವರು ಹಾಳಾಗ್ತೈತಲ್ರಿ ಅಕ್ಕೋರ."

ಕೈ ಮುಗಿಯಲಿಲ್ಲ ನಾನು. ಕಿರುಬೆರಳನ್ನು ಆ ತೂತಿನೊಳಗೆ ಹಾಕಿ ನೋಡಿದೆ. ಸರಿಯಾಗಿ ಹಿಡಿಸಿತು.