ಎರಡು ಪೆಟ್ಟು

ಆ ಉಪನಗರದ ಸ್ಟೇಷನ್ನಿನಲ್ಲಿ ಗಂಟೆ ಎಂದರೆ ಪ್ಲಾಟ್‌ಫಾರ್ಮಿನಲ್ಲಿ ನೇತುಹಾಕಿದ್ದ ಹಳೆಯ ಹಳಿಯ ತುಂಡು. ಗಂಡ ಸತ್ತ ಮೇಲೆ ಅವನ ಕೆಲಸ ಸಿಕ್ಕಿದವಳು ಅದನ್ನು ಬಾರಿಸುತ್ತ ಬಾರಿಸುತ್ತ ಎಲ್ಲರಿಗೂ ಗಂಟೆಯಕ್ಕನಾದಳು. ಒಂದು ಪೆಟ್ಟು ಬಿದ್ದರೆ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿದೆ. ಎರಡು ಬಿದ್ದರೆ ತಿರುವಿಗೆ ಬಂದಿದೆ, ಓಡಿ. ಮೇಲ್ಸೇತುವೆ ಇತ್ತು, ಹತ್ತುವವರಿರಲಿಲ್ಲ. ಎರಡು ಪೆಟ್ಟು ಕೇಳಿದವರು ನೇರ ಹಳಿಗಿಳಿದು ದಾಟುತ್ತಿದ್ದರು. ಹೇಗೂ ನಿಲ್ಲುವ ಗಾಡಿ, ತೆವಳಿಕೊಂಡೇ ಬರುತ್ತಿತ್ತು.

ಗಿರಣಿ ಮುಚ್ಚಿತು, ಜನ ಬಸ್ಸು ಹಿಡಿದರು, ಕೊನೆಗೆ ಸ್ಟೇಷನ್ನೂ ಮುಚ್ಚಿತು.

ಮರುದಿನ ಬೆಳಿಗ್ಗೆ ಗಂಟೆಯಕ್ಕ ಸ್ಟೇಷನ್ನಿನ ಕೋಣೆಗೆ ಕೊನೆಯ ಸಲ ಬೀಗ ಹಾಕಿ ತಿರುಗಿದಾಗ ಅತ್ತಿಗೆ ಕಂಡಳು. ಅಣ್ಣನ ಹೆಂಡತಿ; ಹಳಿಯಾಚೆ ಅವಳ ಇಸ್ತ್ರಿ ಅಂಗಡಿ. ತಲೆಯ ಮೇಲಿನ ಬಟ್ಟೆಗಂಟು ಎರಡೂ ಬದಿಯ ನೋಟ ಮುಚ್ಚಿತ್ತು. ಪ್ಲಾಟ್‌ಫಾರ್ಮಿನ ಇಳಿಜಾರಿನಲ್ಲಿ ಹಳಿಯತ್ತ ಇಳಿಯುತ್ತಿದ್ದಳು.

ತಿರುವಿನಾಚೆ ಗಾಡಿ ಕೂಗಿತು. ಇನ್ನು ಇಲ್ಲಿ ನಿಲ್ಲದ ಗಾಡಿ. ಅತ್ತಿಗೆ ಅಭ್ಯಾಸದಂತೆ ಹೆಜ್ಜೆ ಚುರುಕು ಮಾಡಿದಳು.

ಗಂಟೆಯಕ್ಕ ಕಬ್ಬಿಣದ ಸರಳು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಬಾರಿಸಿದರೆ ಅತ್ತಿಗೆ ಓಡುತ್ತಾಳೆ. ಇಷ್ಟು ವರ್ಷ ತಾನೇ ಕಲಿಸಿದ ಪಾಠ. ನಿಲ್ಲು ಎಂದರೆ ನಿಲ್ಲುವ ಹೆಂಗಸೂ ಅಲ್ಲ. ನಾದಿನಿಯ ಮಾತನ್ನು ಅವಳು ಈ ಜನ್ಮದಲ್ಲಿ ಕೇಳಿದವಳಲ್ಲ.

“ಅತ್ತಿಗೇ! ನಿನ್ನ ಇಸ್ತ್ರಿ ಬಟ್ಟೆ ಹಸು ಅಗಿದು ಉಗುಳಿದ ಹಾಗಿದೆ ಅಂತ ಊರೆಲ್ಲ ನಗ್ತಿದೆ!”

ಹಳಿಯ ಮೇಲಿಟ್ಟ ಕಾಲು ಹಿಂದಕ್ಕೆ ಬಂತು.

“ಏನಂದೇ?” ಅತ್ತಿಗೆ ದಡದಡನೆ ಇಳಿಜಾರು ಹತ್ತಿದಳು. “ಯಾವಳೇ ಅಂದಿದ್ದು? ಹೆಸರು ಹೇಳು! ಅವಳ ಮನೆ ಬಾಗಿಲಿಗೇ ಹೋಗಿ...”

ಮಾತು ಮುಗಿಯಲಿಲ್ಲ. ಬೆನ್ನ ಹಿಂದೆ ಗಾಡಿ ನುಗ್ಗಿ ಹೋಯಿತು. ಗಂಟಿನಿಂದ ಯಾರದೋ ಬಿಳಿ ಅಂಗಿ ಹಾರಿ ಕಲ್ಲಿನ ಮೇಲೆ ಬಿತ್ತು. ಅತ್ತಿಗೆ ತಿರುಗಿ ಖಾಲಿ ಹಳಿಯನ್ನೇ ನೋಡಿದಳು.

“ನಿಲ್ಲಲಿಲ್ಲವಲ್ಲೇ.”

“ನಿನ್ನೆಯೇ ಮುಚ್ಚಿತಲ್ಲ.”

“ನನಗೆ ಗೊತ್ತು. ಕಾಲಿಗೆ ಗೊತ್ತಿರಲಿಲ್ಲ.”

ಗಂಟೆಯಕ್ಕ ಸರಳನ್ನು ಕೆಳಗಿಟ್ಟಳು. “ಗಂಟು ಇಳಿಸು ಅತ್ತಿಗೆ. ಈ ಹಳಿತುಂಡು ಇಲ್ಲಿರಬಾರದು. ಯಾರಾದರೂ ತಮಾಷೆಗೆ ಬಾರಿಸಿದರೂ ಜನ ಓಡ್ತಾರೆ. ನನ್ನೊಬ್ಬಳ ಕೈಲಿ ಆಗಲ್ಲ, ಹಿಡಿ.”

ಅತ್ತಿಗೆ ಸೆರಗು ಸಿಕ್ಕಿಸಿ ಒಂದು ತುದಿ ಹಿಡಿದಳು. ಭಾರಕ್ಕೆ ಇಬ್ಬರೂ ಬಾಗಿದರು.

“ಹಸು ಅಗಿದ ಹಾಗಾ?”

“ಮೊದಲು ಇಳಿಸು. ಜಗಳ ಆಮೇಲೆ.”