ಬಾವನ ನಂಬರಿಗೆ ಸುರಿದ ಹಾಲು

ಮದ್ದೂರು ಸೀಮೆಯ ಆ ಊರಿನಲ್ಲಿ ಅಂಕಮ್ಮನ ಬಾಯಿಗೆ ಹೆದರದವರು ಕಡಿಮೆ. ಅರವತ್ತೆರಡು ವರ್ಷದ ಬದುಕಿನಲ್ಲಿ ಅವಳು ಒಂದು ಓಟನ್ನೂ ತಪ್ಪಿಸಿದವಳಲ್ಲ. ಗಂಡ ತೀರಿಕೊಂಡ ಹದಿನೈದನೆಯ ದಿನ ಪಂಚಾಯಿತಿ ಚುನಾವಣೆ ಬಂದಾಗಲೂ, ಮುತ್ತತ್ತಿರಾಯನಿಗೆ ಕೈಮುಗಿದು ಬೂತಿಗೆ ಹೋಗಿ ನಿಂತಿದ್ದಳು. ಹೋಗದೆ ಮನೆಯಲ್ಲಿ ಉಳಿದವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. “ಉಣ್ಣಕ್ಕಾದ್ರೆ ಎದ್ ಬತ್ತೀರಾ?” ಎಂದು ಬೀದಿಯಲ್ಲೇ ಅಡ್ಡಗಟ್ಟಿ ಕೇಳುತ್ತಿದ್ದಳು.

ಈ ಸಲ ಅವಳು ಕಾಯುತ್ತಿದ್ದುದು ಹಾಲಿನ ಡೇರಿಯ ಚುನಾವಣೆಗೆ. ಅಧ್ಯಕ್ಷ ಚಿಕ್ಕಬೋರಯ್ಯನನ್ನು ಕೆಳಗಿಳಿಸಬೇಕು, ಅಷ್ಟೆ. ಊರಿನ ಸದಸ್ಯರು ಓಟು ಹಾಕಿ ನಿರ್ದೇಶಕರನ್ನು ಆರಿಸುತ್ತಾರೆ. ಅವರು ತಮ್ಮಲ್ಲೊಬ್ಬನನ್ನು ಡೆಲಿಗೇಟ್ ಮಾಡಿ ಜಿಲ್ಲೆಯ ಹಾಲು ಒಕ್ಕೂಟದ ಚುನಾವಣೆಗೆ ಕಳಿಸುತ್ತಾರೆ. ಹಿಂದಿನ ಸಲ ಹಾಗೆ ಹೋದ ಚಿಕ್ಕಬೋರಯ್ಯ, ಊರಿಗೆ ಹಾಲು ತಂಪು ಮಾಡುವ ಯಂತ್ರ ಕೊಡಿಸುವವನಿಗೇ ಓಟು ಎಂದು ಸಭೆಯಲ್ಲಿ ಹೇಳಿ, ಮೂರು ದಿನ ಯಾವುದೋ ರೆಸಾರ್ಟಿನಲ್ಲಿ ಮಜಾ ಮಾಡಿ, ಇನ್ನೊಬ್ಬನಿಗೆ ಹಾಕಿ ಬಂದ. ಅದನ್ನು ತಾನೇ ಜಂಬದಿಂದ ಹೇಳಿಕೊಂಡ. ಯಂತ್ರ ಪಕ್ಕದೂರಿನ ಪಾಲಾಯಿತು. ಬೇಸಗೆಯಲ್ಲಿ ಕ್ಯಾನುಗಟ್ಟಲೆ ಹಾಲು ಒಡೆಯಿತು.

ಮಂಡ್ಯದಲ್ಲಿ ಬಿ.ಎ. ಓದುವ ಮೊಮ್ಮಗಳು ದೀಪಿಕ ಪರೀಕ್ಷೆಗೆಂದು ಜಗಲಿಯಲ್ಲಿ ಕೂತು ಅಮೆರಿಕದ ಚುನಾವಣೆಯ ಪಾಠ ಓದುತ್ತಿದ್ದಳು. ಅಂಕಮ್ಮ ಸೀಮೆಹಸುವಿಗೆ ಜೋಳದ ಕಡ್ಡಿ ಕತ್ತರಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

“ಅಲ್ಲಿ ಜನ ಓಟಾಕುದ್ರೂ ಅಧ್ಯಕ್ಷನ್ನ ನೇರವಾಗಿ ಆರ್ಸಲ್ಲ ಅಜ್ಜಿ. ರಾಜ್ಯಕ್ಕೆ ಇಷ್ಟಿಷ್ಟು ಅಂತ ಒಟ್ಟು ಐನೂರ ಮೂವತ್ತೆಂಟು ಜನ. ಅವರಾಕೋ ಓಟೇ ಲೆಕ್ಕ. ಇನ್ನೂರ ಎಪ್ಪತ್ತು ಬಂದ್ರೆ ಗೆದ್ದಂಗೆ.”

“ಡೆಲಿಗೇಟು ಅನ್ನು.”

“ಹೂಂ, ಅಂಗೇ. ಹೆಚ್ಚೂಕಮ್ಮಿ ಎಲ್ಲಾ ರಾಜ್ಯದಲ್ಲೂ ಒಂದೋಟು ಜಾಸ್ತಿ ತಗೊಂಡೋನಿಗೇ ಅಲ್ಲಿನ ಅಷ್ಟೂ ಜನ. ಅದಕ್ಕೇ ದೇಶದ ತುಂಬಾ ಜಾಸ್ತಿ ಓಟು ಬಿದ್ದೋನೂ ಸೋತಿರೋದುಂಟು.”

“ಥೂ! ಅಷ್ಟ್ ದೊಡ್ಡ ದೇಸ ನಮ್ಮೂರ ಡೇರಿ ಥರ ನಡೀತದಾ? ಅವರ್ನೂ ರೆಸಾರ್ಟಿಗೆ ಕರ್ಕೊಂಡೋಯ್ತಾರಾ?”

ದೀಪಿಕ ನಕ್ಕಳು. “ಬಾಳ ರಾಜ್ಯದಲ್ಲಿ ಮಾತು ತಪ್ಪಂಗಿಲ್ಲ ಅಂತ ಕಾನೂನೇ ಅದೆ. ಆದ್ರೂ ಅಲ್ಲಿನ ಜನ ಮೂರರಲ್ಲೊಬ್ರು ಓಟಿಗೇ ಓಗಲ್ವಂತೆ.”

“ಯಾಕೆ, ಕಾಲಿಲ್ವಾ?”

“ಮಂಗಳವಾರ ಓಟು, ಎಷ್ಟೋ ಜನಕ್ಕೆ ರಜಾ ಇಲ್ಲ. ನಮ್ಮ ರಾಜ್ಯದಲ್ಲಿ ಯಾರು ಗೆಲ್ತಾರೆ ಅಂತ ಮೊದ್ಲೇ ಗೊತ್ತು, ನಾನೊಬ್ಬ ಓಗಿ ಏನಾಗ್ಬೇಕು ಅನ್ನೋರು ಕೆಲವರು. ಪಟ್ಟಿಗೆ ಹೆಸರೂ ತಾವೇ ಬರುಸ್ಕೋಬೇಕು.”

“ಅದಕ್ಕೂ ಸೋಮಾರಿತನ! ಅಂತೋರ್ಗೆ ಅನ್ನ ಆಕ್ಬಾರ್ದು ಕಣ್ ಮಗ.”

ಮರುದಿನ ಬೆಳಿಗ್ಗೆ ಡೇರಿಯ ಗೋಡೆಗೆ ಮತದಾರರ ಪಟ್ಟಿ ಅಂಟಿಸಿದರು. ಅಂಕಮ್ಮನ ಹೆಸರು ಅದರಲ್ಲಿರಲಿಲ್ಲ. ಪಕ್ಕದಲ್ಲಿದ್ದ ಅನರ್ಹರ ಪಟ್ಟಿಯಲ್ಲಿತ್ತು.

“ನಿಮ್ಮ ಸದಸ್ಯ ನಂಬರಿಗೆ ಎರಡು ವರ್ಷದಿಂದ ಒಂದು ತೊಟ್ಟು ಹಾಲು ಬಿದ್ದಿಲ್ಲ ಕಣಮ್ಮ,” ಎಂದ ಸೆಕ್ರೆಟರಿ ಸಿದ್ದೇಶ್. “ವರ್ಷಕ್ಕೆ ಇಷ್ಟು ದಿನ ಹಾಲು ಹಾಕಿದ್ರೇ ಓಟು ಅಂತ ನಿಯಮ.”

“ದಿನಾ ಎರಡೊತ್ತು ನಾನು ಒತ್ಕಂಡ್ ಬಂದಿದ್ದೇನ್ಲಾ, ಗಂಜಲವಾ?”

ಹೊತ್ತು ತಂದದ್ದು ನಿಜ. ಆದರೆ ಅವಳ ಸೀಮೆಹಸುವಿನ ಹಾಲು ತೆಳು, ಗಟ್ಟಿತನ ಅಳೆಯುವ ಮಾಪಕದಲ್ಲಿ ಡಿಗ್ರಿ ಬರುತ್ತಿರಲಿಲ್ಲ, ಡೇರಿಯವರು ವಾಪಸ್ ಕಳಿಸುತ್ತಿದ್ದರು. ಅದಕ್ಕೇ ಗಂಡನ ಅಣ್ಣ ದೊಡ್ಡಸಿದ್ದಯ್ಯನ ಎಮ್ಮೆ ಹಾಲಿಗೆ ಬೆರೆಸಿ ಅವನ ನಂಬರಿಗೆ ಸುರಿಯುವ ರೂಢಿ ಮಾಡಿಕೊಂಡಿದ್ದರು. ಊರಿನಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಿದ್ದರು. ಬಟವಾಡೆಯ ದಿನ ಅವಳ ಪಾಲು ಅವಳಿಗೆ ಬರುತ್ತಿತ್ತು. ನಂಬರಿನ ಯೋಚನೆ ಅವಳಿಗೆ ಬಂದಿರಲೇ ಇಲ್ಲ.

“ಹಿಂಗಾದ್ರೆ ಓಟು ಹೋಗ್ತದೆ ಅಂತ ನೋಟಿಸು ನಿಮ್ಮ ಬಾವನ ಕೈಲಿ ಕಳ್ಸಿದ್ನಲ್ಲ?” ಎಂದ ಸಿದ್ದೇಶ್.

ಬಾಗಿಲಲ್ಲಿ ನಿಂತಿದ್ದ ಚಿಕ್ಕಬೋರಯ್ಯ ಮೀಸೆಯಡಿ ನಕ್ಕ. “ಮನೇಲಿರೋರ್ನ ಬೈತಿದ್ದಲ್ಲ ಅಂಕವ್ವ, ಈ ಸಲ ನೀನೂ ತಣ್ಗೆ ಮನೇಲಿರು.” ಸಾಲಿನಲ್ಲಿದ್ದವರೂ ನಕ್ಕರು.

ದೊಡ್ಡಸಿದ್ದಯ್ಯ ಕೊಟ್ಟಿಗೆಯ ಮುಂದೆ ಎಮ್ಮೆಯ ಮೈ ತೊಳೆಯುತ್ತಿದ್ದ.

“ನೋಟಿಸು ಎಲ್ಲಿ ಬಾವ?”

ಅವನು ಎಮ್ಮೆಯ ಬೆನ್ನು ಉಜ್ಜುತ್ತಲೇ ಇದ್ದ. “ಎಲ್ಲೋ ಮಡ್ಗಿದ್ದೆ.”

“ಮಡ್ಗುದ್ರಾ, ಒಲೆಗಾಕುದ್ರಾ?”

“ಕೊಟ್ಟಿದ್ರೆ ನೀನು ಹಾಲು ಬೇರೆ ಮಾಡ್ಕೊಂಡು ಚಿಕ್ಕಬೋರನ ವಿರುದ್ಧ ಓಟಾಕ್ತಿದ್ದೆ. ಅವನು ನನ್ ಬೀಗ ಕಣಮ್ಮಿ.”

“ನಿಮ್ ಕ್ಯಾನಲ್ಲಿ ಅರ್ಧ ಹಾಲು ನಂದು. ನಿಮ್ ಓಟಲ್ಲೂ ಅರ್ಧ ನಂದೇಯ. ಅವನಿಗಾಕ್ಕೂಡ್ದು.”

“ಓಟೇನು ಲೀಟರ್ನಲ್ಲಿ ಅಳೀತಾರಾ? ಓಗು, ಓಗು.”

ನಲವತ್ತೈದು ವರ್ಷ ತಲೆಯ ಮೇಲೆ ಸೆರಗು ಹೊದ್ದು ಮಾತಾಡಿಸಿದ್ದ ಬಾವನ ಕಾಲ ಬಳಿ ಅಂಕಮ್ಮ ಉಗಿದು ಹೊರಟಳು.

ಅಂದು ಸಂಜೆಯೇ ಅವಳು ತನ್ನ ಕ್ಯಾನನ್ನು ತನ್ನ ನಂಬರಿಗೆ ಒಡ್ಡಿದಳು. ಡಿಗ್ರಿ ಬರಲಿಲ್ಲ. ವಾಪಸ್. ಮರುದಿನ ಎರಡು ಹೊತ್ತೂ ವಾಪಸ್. “ಬಾವನ ಹಾಲಿಗೇ ಸೇರ್ಸ್ಬುಡಮ್ಮ,” ಎಂದವರಿಗೆ ಅವಳು ಕೊಟ್ಟ ಉತ್ತರ ಬರೆಯುವಂಥದ್ದಲ್ಲ. ಹಸುವಿಗೆ ಹಿಂಡಿ, ಬೂಸಾ ಹೆಚ್ಚು ಮಾಡಿದಳು. ವಾಪಸ್ ಬಂದ ಹಾಲನ್ನು ಕರುವಿಗೆ ಕುಡಿಸಿದಳು.

ಚುನಾವಣೆಯ ದಿನ ಮನೆಯಲ್ಲಿ ಕೂರಲಿಲ್ಲ. ಬೆಳಿಗ್ಗೆಯಿಂದ ಡೇರಿಯೆದುರಿನ ಹೊಂಗೆ ಮರದಡಿ ನಿಂತು, ಬಂದವರಿಗೆಲ್ಲ ಒಡೆದ ಹಾಲಿನ ಬೇಸಗೆ ನೆನಪಿಸಿದಳು. ಕೆಲವರು ತಲೆ ತಗ್ಗಿಸಿ ಹೋದರು, ಕೆಲವರು ಬೈದರು. ಬಾವ ಒಳಹೋದಾಗ ಮಾತ್ರ ಮುಖ ತಿರುಗಿಸಿದಳು. ಸಂಜೆ ಚಿಕ್ಕಬೋರಯ್ಯನ ಕಡೆಯವರೇ ಗೆದ್ದು ಪಟಾಕಿ ಹೊಡೆದರು.

ಅದಾದ ಮೂರನೆಯ ದಿನ ಅವಳ ಹಾಲಿಗೆ ಡಿಗ್ರಿ ಬಂತು. ಸಿದ್ದೇಶ್ ಮಾಪಕವನ್ನು ಎರಡು ಸಲ ಅದ್ದಿ ನೋಡಿದ.

“ಮುಂದಿನ ಓಟಿಗೆ ಇನ್ನು ಐದು ವರ್ಷ ಇದೆ, ಅಷ್ಟ್ಯಾಕಮ್ಮ ಹಟ?”

“ಬರಿ.”

ಅವನು ಬರೆದ.

“ಈಗ ಗಟ್ಟಿಯಾಗಿ ಓದು. ಇಂದೆ ನಿಂತೋರ್ಗೂ ಕೇಳ್ಲಿ.”

ಹಿಂದೆ ಅರ್ಧ ತುಂಬಿದ ಕ್ಯಾನು ಹಿಡಿದು ದೊಡ್ಡಸಿದ್ದಯ್ಯ ನಿಂತಿದ್ದ. ಸಿದ್ದೇಶ್ ಗಂಟಲು ಸರಿಮಾಡಿಕೊಂಡು ಅಂಕಮ್ಮನ ಹೆಸರನ್ನೂ ನಂಬರನ್ನೂ ಓದಿದ.